ಯಾರದೀ ತಲೆಯ ಫಿಲ್ಮು?

"ಇದು ಸತ್ತವನ ತಲೆ ಅಲ್ಲ."

ಇನ್ಸ್‌ಪೆಕ್ಟರ್ ನೌಫಲ್ ಬಾಯಿಗೆ ತಂದಿದ್ದ ಕಾಫಿಯನ್ನು ಹಾಗೇ ಕೆಳಗಿಟ್ಟ.

"ಏನಂದ್ರಿ ಡಾಕ್ಟರಮ್ಮ?"

"ಕಿವಿ ಮಂದನಾ ನಿಮಗೆ? ಕಡತದ ಮೇಲೆ ರಮ್ಜಿ ಅಂತ ಹೆಸರಿದೆ. ಒಳಗಿರೋ ಫಿಲ್ಮು ರಮ್ಜಿದಲ್ಲ. ಯಾರೋ ಬದಲಾಯಿಸಿದಾರೆ. ಅದೂ ಎಷ್ಟು ಒಡ್ಡೊಡ್ಡಾಗಿ ಅಂದ್ರೆ, ನನ್ನನ್ನ ಕುರುಡಿ ಅಂದ್ಕೊಂಡು ಮಾಡಿರಬೇಕು."

ವಸೀಲಾಗೆ ಸಿಟ್ಟು ಬಂದದ್ದು ಮೋಸಕ್ಕಲ್ಲ, ಮೋಸದ ಮಟ್ಟಕ್ಕೆ. ಮೂವತ್ತೆಂಟು ವರ್ಷ ತಲೆಗಳ ಒಳಗನ್ನು ನೋಡಿ ಕಣ್ಣು ಸವೆಸಿದವಳ ಮುಂದೆ ಇಂಥದ್ದನ್ನು ತಂದಿಡುವುದೆಂದರೆ, ಅಕ್ಕಸಾಲಿಗನಿಗೆ ಹಿತ್ತಾಳೆ ಬಳೆ ಕೊಟ್ಟು ತೂಗು ಎಂದ ಹಾಗೆ. ಅವಳು ದೀಪದ ಹಲಗೆಯ ಮೇಲಿದ್ದ ಐದು ಹಾಳೆಗಳನ್ನು ಇನ್ನೊಮ್ಮೆ ಎಡದಿಂದ ಬಲಕ್ಕೆ ನೋಡಿದಳು.

ರಮ್ಜಿ ಸತ್ತು ಅಂದಿಗೆ ಹನ್ನೊಂದು ದಿನ. ಸಿದಿ ಬೂಝಿದ್ ಕಡೆಯ ಕುರಿ ವ್ಯಾಪಾರಿ, ಮೂವತ್ತೊಂದರ ಪ್ರಾಯ. ಸಫಾಕ್ಸ್‌ನ ಈ ಖಾಸಗಿ ಆಸ್ಪತ್ರೆಯಲ್ಲಿ ಅವನ ಮಿದುಳಿನ ಗುಳ್ಳೆಗೆ ಸೂಜಿ ಇಳಿಸಿದ ಎಂಟೇ ನಿಮಿಷಕ್ಕೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಜೀವ ಹೋಗಿತ್ತು. ಸೂಜಿ ಇಳಿಸಿದವನು ಹೆಸರಾಂತ ಪ್ರೊಫೆಸರ್ ಶಕೀಬ್. ಆದರೆ ಜೈಲಿನ ಬಾಗಿಲಲ್ಲಿ ನಿಂತವಳು ಫಿಲ್ಮು ಓದಿ ವರದಿ ಕೊಟ್ಟ ಅರ್ವಾ, ಇಪ್ಪತ್ತೊಂಬತ್ತರ ಹುಡುಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಟೈಪ್ ಮಾಡಿದ ವರದಿಯಲ್ಲಿದ್ದದ್ದು ಎರಡು ಸಾಲು. "ಸಾದಾ ನೀರುಗುಳ್ಳೆ. ಸೂಜಿಯಿಂದ ನೀರು ತೆಗೆಯಬಹುದು." ಕೆಳಗೆ ಅರ್ವಾಳ ಸಹಿ.

ಅರ್ವಾ ಅತ್ತು ಅತ್ತು ಹೇಳಿದ್ದೂ ಒಂದೇ ಮಾತು. "ನಾನು ಕೈಯಲ್ಲಿ ಬರೆದ ಕರಡಿನಲ್ಲಿ, ಇದು ನಾಯಿಹುಳದ ಗುಳ್ಳೆ ಇರಬಹುದು, ಸೂಜಿ ಹಾಕಬೇಡಿ ಅಂತ ಬರೆದಿದ್ದೆ ಮೇಡಂ. ವಲ್ಲಾಹಿ, ದೇವರಾಣೆ, ಬರೆದಿದ್ದೆ."

ಇಲ್ಲಿಯ ಪದ್ಧತಿಯೇ ಹಾಗೆ. ಡಾಕ್ಟರು ಕೈಯಲ್ಲಿ ಗೀಚುತ್ತಾರೆ, ಕಾರ್ಯದರ್ಶಿ ಟೈಪ್ ಮಾಡುತ್ತಾಳೆ, ಸಂಜೆ ಮನೆಗೆ ಹೋಗುವ ಗಡಿಬಿಡಿಯಲ್ಲಿ ಡಾಕ್ಟರು ನಲವತ್ತು ಹಾಳೆಗೆ ಓದದೆ ಸಹಿ ಹಾಕುತ್ತಾರೆ. ಆ ಕರಡು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ತನಿಖಾ ನ್ಯಾಯಾಧೀಶರು ಅರ್ವಾಳನ್ನು ಜೈಲಿಗೆ ಕಳಿಸುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ನ್ಯಾಯಾಲಯದ ತಜ್ಞೆಯಾಗಿ ಹೇಳಿಕೆ ಕೊಡಬೇಕಾದವಳು ವಸೀಲಾ. ಅರ್ವಾ ಅವಳ ಶಿಷ್ಯೆ ನಿಜ. ಆದರೆ ಆ ಊರಿನಲ್ಲಿ ಫಿಲ್ಮು ಓದುವವರೆಲ್ಲ ಅವಳ ಶಿಷ್ಯರೇ, ನ್ಯಾಯಾಧೀಶರಾದರೂ ಬೇರೆ ಯಾರನ್ನು ಕರೆದಾರು?

"ಬಿಡಿಸಿ ಹೇಳಿ ಡಾಕ್ಟರಮ್ಮ. ನಾನು ಗಫ್ಸಾದವನು, ಗಣಿ ಊರಿನವನು. ನನಗೆ ಇದೆಲ್ಲ ಮಸಿ ಬಳಿದ ಹಾಗೆ ಕಾಣುತ್ತೆ."

"ಈ ಮಿದುಳು ನೋಡಿ. ಸಂದುಗಳೆಲ್ಲ ಅಗಲ ಆಗಿವೆ. ಅರವತ್ತು ದಾಟಿದವರಿಗೆ ಹೀಗೆ ಸೊರಗುತ್ತೆ. ರಮ್ಜಿಗೆ ಎಷ್ಟು ವಯಸ್ಸು?"

"ಮೂವತ್ತೊಂದು."

"ಹೂಂ. ಇನ್ನು ಗುಳ್ಳೆ. ಮೊದಲ ನಾಲ್ಕು ಹಾಳೆಯಲ್ಲಿ ನೀರಿನ ಹಾಗೇ ಕಾಣುತ್ತೆ. ಸೋಮಾರಿಗಳು ಇಲ್ಲಿಗೇ ನಿಲ್ಲಿಸಿ ಎದ್ದು ಹೋಗ್ತಾರೆ. ಐದನೇ ಹಾಳೆ ಇದೆಯಲ್ಲ, ಅದು ಒಳಗಿರೋದು ಹರಿದಾಡುತ್ತೋ ಇಲ್ವೋ ಅಂತ ತೋರಿಸುತ್ತೆ. ನೀರಾದ್ರೆ ಇಲ್ಲಿ ಕಪ್ಪಗಿರಬೇಕು. ಇದು?"

"ಬೆಳ್ಳಗಿದೆ. ಬಲ್ಬಿನ ಹಾಗೆ."

"ಅಂದ್ರೆ ಒಳಗೆ ನೀರಿಲ್ಲ, ಮೇಣ ಇದೆ. ಹುಟ್ಟುವಾಗಲೇ ಚರ್ಮದ ಚೂರೊಂದು ಮಿದುಳಿನ ಸಂದಿನಲ್ಲಿ ಸಿಕ್ಕಿಕೊಂಡು, ವರ್ಷಾನುಗಟ್ಟಲೆ ಮೆಲ್ಲಗೆ ಬೆಳೆದ ಗುಳ್ಳೆ. ಕ್ಯಾನ್ಸರ್ ಅಲ್ಲ, ಏನಲ್ಲ. ಸೂಜಿ ಹಾಕಿದ್ರೆ ಒಂದು ತೊಟ್ಟೂ ಬರಲ್ಲ. ಈಗ ಶಸ್ತ್ರಕ್ರಿಯೆಯ ಟಿಪ್ಪಣಿ ಓದಿ."

ನೌಫಲ್ ಕಡತ ತಿರುವಿದ. "ಸೂಜಿಯಿಂದ ತಿಳಿನೀರು ಚಿಮ್ಮಿತು, ಅರವತ್ತು ಮಿಲಿಲೀಟರ್."

"ಮೇಣದಿಂದ ತಿಳಿನೀರು ಚಿಮ್ಮಿಸೋದಕ್ಕೆ ಪ್ರೊಫೆಸರ್ ಸಾಹೇಬ್ರು ಏನು ಪವಾಡ ಮಾಡೋ ಔಲಿಯಾನಾ?"

ನೌಫಲ್ ನಕ್ಕ. ವಸೀಲಾ ನಗಲಿಲ್ಲ. ಅವಳಿಗೆ ನಗು ಬರುವುದು ಅಪರೂಪ, ಅದೂ ಬೇರೆಯವರ ತಪ್ಪು ಕಂಡಾಗ ಮಾತ್ರ.

ಅಷ್ಟರಲ್ಲಿ ಕಾವಲಿನವನು ಒಬ್ಬ ಹೆಂಗಸನ್ನು ಒಳಗೆ ಬಿಟ್ಟ. ರಮ್ಜಿಯ ಹೆಂಡತಿ ಮಬ್ರೂಕಾ. ಎದೆಗವಚಿಕೊಂಡಿದ್ದ ದೊಡ್ಡ ಲಕೋಟೆಯನ್ನು ಕೊಡಲೋ ಬೇಡವೋ ಎಂದು ನಿಂತಳು.

"ಬಾ ತಾಯಿ, ಕೂತ್ಕೋ. ಫಿಲ್ಮು ತಂದ್ಯಾ?"

"ಹಾಸಿಗೆ ಕೆಳಗಿತ್ತು ಅಮ್ಮಾ. ಮಡಚಬಾರದು ಅಂತ ಅವರೇ ಹಾಗೆ ಇಟ್ಟಿದ್ರು. ಅದರ ಮೇಲೇ ಮಲಗ್ತಾ ಇದ್ರು."

ಇದೊಂದು ವಿಷಯ ಫಿಲ್ಮು ಬದಲಿಸಿದ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಹಳ್ಳಿಯ ಜನ ಫಿಲ್ಮನ್ನು ಆಸ್ಪತ್ರೆಗೆ ಬಿಟ್ಟು ಹೋಗುವುದಿಲ್ಲ. ದುಡ್ಡು ಕೊಟ್ಟಿದ್ದೇವೆ, ನಮ್ಮದು ಎಂದು ಮನೆಗೆ ಒಯ್ಯುತ್ತಾರೆ, ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ಬಸ್ಸಿನಲ್ಲಿ ಹೊತ್ತು ತಿರುಗುತ್ತಾರೆ. ರಮ್ಜಿಯೂ ಒಂದು ಪ್ರತಿ ಕೇಳಿ ಇಸಿದುಕೊಂಡಿದ್ದ. ದೊಡ್ಡ ಡಾಕ್ಟರುಗಳಿಗೆ ರೋಗಿಯ ತಲೆಯೊಳಗೆ ಏನಿದೆ ಅನ್ನುವುದು ಗೊತ್ತಿರುತ್ತದೆ, ಅವನ ಮನೆಯೊಳಗೆ ಏನಿದೆ ಅನ್ನುವುದು ಗೊತ್ತಿರುವುದಿಲ್ಲ.

ವಸೀಲಾ ಲಕೋಟೆಯ ಹಾಳೆಗಳನ್ನು ಕಡತದ ಹಾಳೆಗಳ ಪಕ್ಕಕ್ಕೆ ಸಿಕ್ಕಿಸಿದಳು. ಅದೇ ಬಲಗಡೆ, ಕಿವಿಯ ಮೇಲೆ, ಹೆಚ್ಚುಕಡಿಮೆ ಅದೇ ಗಾತ್ರದ ಗುಳ್ಳೆ. ಆದರೆ ಇದರ ಗೋಡೆ ದಪ್ಪಗಿತ್ತು, ಸುತ್ತ ಮಿದುಳು ಊದಿತ್ತು. ಗುಳ್ಳೆಯ ಒಳಗೆ ತೆಳುವಾದ ಒಂದು ಪೊರೆ ಕಿತ್ತುಬಂದು, ಕಾಯಿಸಿದ ಹಾಲಿನ ಕೆನೆ ಸುಕ್ಕಾದ ಹಾಗೆ ಮುದುಡಿ ತೇಲುತ್ತಿತ್ತು.

"ಮಬ್ರೂಕಾ, ನಿಮ್ಮ ಮನೇಲಿ ನಾಯಿಗಳೆಷ್ಟು?"

"ಮೂರು ಅಮ್ಮಾ. ಕುರಿ ಕಾಯೋಕೆ."

"ದೊಡ್ಡ ಹಬ್ಬಕ್ಕೆ ಕುರಿ ಕೊಯ್ದಾಗ ಪಿತ್ತಜನಕಾಂಗದಲ್ಲಿ ನೀರುಗುಳ್ಳೆ ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಅದನ್ನ ನಾವ್ ತಿಂತೀವಾ? ನಾಯಿಗೆ ಎಸೀತೀವಿ."

"ನಾಯಿ ಅದನ್ನ ತಿಂದು ಹುಳ ಹತ್ತಿಸ್ಕೊಂಡು, ನಿನ್ನ ಗಂಡನ ಕೈ ನೆಕ್ಕುತ್ತೆ. ಅವನು ಅದೇ ಕೈಯಲ್ಲಿ ರೊಟ್ಟಿ ಮುರೀತಾನೆ. ಈ ಪ್ರಶ್ನೆ ನಿಮ್ಮನ್ನ ಇಲ್ಲಿ ಯಾರಾದ್ರೂ ಕೇಳಿದ್ರಾ?"

ಮಬ್ರೂಕಾ ಇಲ್ಲವೆಂದು ತಲೆಯಾಡಿಸಿದಳು. "ದೊಡ್ಡ ಡಾಕ್ಟರು ನಮ್ಮ ಜೊತೆ ಮಾತಾಡಲೇ ಇಲ್ಲಮ್ಮಾ. ನನ್ನ ಮುಖಾನೂ ನೋಡಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಾವೇ ಸಾಯಿಸಿದ ಹಾಗಾಯ್ತಾ ಅವರನ್ನ?"

"ಬಿಡ್ತು ಅನ್ನು! ಆ ಗುಳ್ಳೆಯಿಂದ ಯಾರೂ ಸಾಯಬೇಕಿರಲಿಲ್ಲ. ಒಡೆಯದ ಹಾಗೆ ಇಡಿಯಾಗಿ ಹೊರಗೆ ತೆಗೆದಿದ್ರೆ ನಿನ್ನ ಗಂಡ ಮೂರು ವಾರದಲ್ಲಿ ಸಂತೆಗೆ ಹೋಗ್ತಿದ್ದ. ಸೂಜಿ ಚುಚ್ಚಿ ಒಡೆದ್ರು. ಒಳಗಿನ ನೀರು ರಕ್ತಕ್ಕೆ ಸೇರಿ ವಿಷ ಆಯ್ತು."

ಮಬ್ರೂಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೌಫಲ್ ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ನೀರು ಕೊಡಿಸಿ ಬಂದ.

"ಎರಡೂ ಬೇರೆ ಬೇರೆ ತಲೆ ಅಂತ ನ್ಯಾಯಾಧೀಶರನ್ನ ನಂಬಿಸೋದು ಹೇಗೆ ಡಾಕ್ಟರಮ್ಮ?"

"ಹುಬ್ಬಿನ ಹಿಂದೆ ಮೂಳೆಯೊಳಗೆ ಗಾಳಿಗೂಡು ಇರುತ್ತೆ. ಬೆರಳಚ್ಚಿನ ಹಾಗೆ, ಒಬ್ಬರದು ಇನ್ನೊಬ್ಬರಿಗಿರಲ್ಲ. ನೋಡಿ, ರಮ್ಜಿದು ಎರಡು ಸಣ್ಣ ಕಡಲೆ. ಕಡತದಲ್ಲಿರೋದು ಹೂಕೋಸಿನಷ್ಟು ಹರಡಿದೆ. ಶಾಲೆ ಮಕ್ಕಳೂ ಹೇಳ್ತಾರೆ."

"ಹಾಗಾದ್ರೆ ಈ ಮೇಣದ ಗುಳ್ಳೆ ಯಾರ ತಲೇದು?"

ಅದೇ ಪ್ರಶ್ನೆ ವಸೀಲಾಳನ್ನೂ ಕೊರೆಯುತ್ತಿತ್ತು. ಆಸ್ಪತ್ರೆಯ ದಫ್ತರದಿಂದ ಯಾರದೋ ಫಿಲ್ಮು ಎತ್ತಿದ್ದರೆ, ಆ ಮನುಷ್ಯ ನಾಳೆಯೇ ಬಂದು ನನ್ನ ಫಿಲ್ಮು ಎಲ್ಲಿ ಎಂದು ರಂಪ ಮಾಡುತ್ತಾನೆ. ಕದ್ದವನಿಗೆ ಬೇಕಾಗಿದ್ದದ್ದು ಯಾರೂ ಹುಡುಕಿಕೊಂಡು ಬರದ ಫಿಲ್ಮು. ಅಂಥದ್ದು ಯಾರ ಬಳಿ ಇರುತ್ತದೆ?

ಬಾಗಿಲು ತಟ್ಟದೆ ಪ್ರೊಫೆಸರ್ ಶಕೀಬ್ ಒಳಗೆ ಬಂದ. ವಸೀಲಾ ಮಬ್ರೂಕಾಳ ಹಾಳೆಗಳನ್ನು ಅಷ್ಟರಲ್ಲಿ ಕಿತ್ತು ಮೇಜಿನ ಮೇಲೆ ಬೋರಲು ಹಾಕಿದ್ದಳು.

ಅರವತ್ತಮೂರರ ಶಕೀಬ್ ಬಿಳಿ ಕೋಟಿನ ಒಳಗೆ ರೇಷ್ಮೆ ಟೈ ಕಟ್ಟಿದ್ದ. ಮಾತಿಗೆ ಮುಂಚೆ ಕೈಗಡಿಯಾರ ನೋಡಿಕೊಳ್ಳುವ ಚಾಳಿ ಅವನದು, ಎದುರಿಗಿರುವವರ ಹೊತ್ತಿಗೆ ಬೆಲೆಯಿಲ್ಲ ಎಂದು ತೋರಿಸಲಿಕ್ಕೆ.

"ಇನ್ನೂ ಮುಗೀಲಿಲ್ವಾ ವಸೀಲಾ? ನಿವೃತ್ತಿ ಆದವರಿಗೆ ಹೊತ್ತು ಹೋಗಲ್ಲ, ಪಾಪ. ನನಗೆ ಕೆಲಸ ಇದೆ."

"ಎರಡೇ ನಿಮಿಷ ಶಕೀಬ್. ಆ ದಿನ ನೀನು ಫಿಲ್ಮು ನೋಡಿದ್ಯಾ, ಬರೀ ವರದಿ ಓದಿದ್ಯಾ?"

"ಇದೇನು ಪ್ರಶ್ನೆ? ನಾಲ್ಕು ಸಾವಿರ ತಲೆ ತೆರೆದವನು ನಾನು. ನೋಡದೆ ಸೂಜಿ ಹಾಕ್ತೀನಾ?"

"ಹಾಗಾದ್ರೆ ನಾಯಿಹುಳದ ಗುಳ್ಳೆ ಅಂತ ಯಾಕೆ ಹೊಳೀಲಿಲ್ಲ? ಕುರಿ ವ್ಯಾಪಾರಿ, ಸಿದಿ ಬೂಝಿದ್‌ನವನು. ಆಸ್ಪತ್ರೆಯ ಜಾಡಮಾಲಿಗೂ ಅನುಮಾನ ಬರಬೇಕಿತ್ತು."

ಶಕೀಬ್ ಮುಖ ಗಂಟಿಕ್ಕಿದ. "ನನಗೆ ಪಾಠ ಹೇಳಬೇಡ. ನಾಯಿಹುಳದ ಗುಳ್ಳೆ ಅಂದ್ರೆ ಗುಂಡಗೆ, ನಯವಾಗಿ, ಗೋಲಿ ಹಾಗಿರುತ್ತೆ. ಸುತ್ತ ಊತ ಇರಲ್ಲ. ಇದಕ್ಕೆ ಸುತ್ತಲೂ ಊತ ಇತ್ತು, ಗೋಡೆ ದಪ್ಪ ಇತ್ತು. ಊತ ಇದ್ರೆ ನಾಯಿಹುಳ ಅಲ್ಲ, ಅಷ್ಟೇ."

"ಯಾವ ದಡ್ಡ ಹೇಳಿಕೊಟ್ಟ ನಿನಗೆ ಇದನ್ನ? ಗುಳ್ಳೆ ಕೆರಳಿದ್ರೆ, ಒಳಗಿನ ಪೊರೆ ಕಿತ್ತುಬಂದ್ರೆ ಊತ ಬಂದೇ ಬರುತ್ತೆ. ಕಾಯಿಲೆ ನಿನ್ನ ಪುಸ್ತಕ ಓದಿಕೊಂಡು ಬರಲ್ಲ." ವಸೀಲಾ ದೀಪದ ಹಲಗೆಯತ್ತ ಬೆರಳು ತೋರಿಸಿದಳು. "ಅದಿರಲಿ. ಊತ ಎಲ್ಲಿದೆ, ಸ್ವಲ್ಪ ಮುಟ್ಟಿ ತೋರ್ಸು."

ಶಕೀಬ್ ಹಲಗೆಯ ಹತ್ತಿರ ಹೋದ. ಎತ್ತಿದ ಬೆರಳು ಎಲ್ಲೂ ಇಳಿಯಲಿಲ್ಲ. ಕಡತದ ಆ ಫಿಲ್ಮಿನಲ್ಲಿ ಊತವಿರಲಿಲ್ಲ, ದಪ್ಪ ಗೋಡೆಯೂ ಇರಲಿಲ್ಲ.

"ಏನು ಸಾಹೇಬ್ರೇ, ನೀವು ನೋಡಿದ ಫಿಲ್ಮು ಇದಲ್ವಾ?" ಎಂದ ನೌಫಲ್, ಕಿಸೆಯಿಂದ ಪುಸ್ತಕ ತೆಗೆಯುತ್ತ. "ಹಾಗಾದ್ರೆ ಯಾವುದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಕೀಬನ ಕೈ ಸುಮ್ಮನೆ ಟೈ ಸರಿಮಾಡಿತು.

"ನಾನು... ದಿನಕ್ಕೆ ಹತ್ತು ಫಿಲ್ಮು ನೋಡ್ತೀನಿ. ನೆನಪು ಹಿಂದೆ ಮುಂದೆ ಆಗಿರಬಹುದು."

"ಬರ್ಕೊಳ್ಳಿ ನೌಫಲ್," ಎಂದಳು ವಸೀಲಾ. "ನಾಲ್ಕು ಸಾವಿರ ತಲೆ ತೆರೆದವರ ನೆನಪು ಹಿಂದೆ ಮುಂದೆ ಆಗಿದೆ ಅಂತ. ಬರ್ಕೊಂಡು ದಫ್ತರದ ಕೋಣೆಗೆ ಮೊಹರು ಹಾಕಿಸಿ ಬನ್ನಿ."

ನೌಫಲ್ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

ಶಕೀಬ್ ಕುರ್ಚಿ ಎಳೆದು ಕೂತ. "ನೋಡು ವಸೀಲಾ, ಇಪ್ಪತ್ತು ವರ್ಷದ ಪರಿಚಯ ನಮ್ಮದು. ಒಂದು ಸಣ್ಣ ಗೊಂದಲ ದೊಡ್ಡದು ಮಾಡೋದ್ರಿಂದ ನಿನಗೇನು..."

ಮಾತು ಅಲ್ಲಿಗೇ ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ತುಟಿ ಏನೋ ಚಪ್ಪರಿಸುವ ಹಾಗೆ ಆಡಿತು. ಬಲಗೈ ಕೋಟಿನ ಗುಂಡಿಯೊಂದನ್ನು ಹಿಡಿದು ತಿರುಚುತ್ತಲೇ ಇತ್ತು. ವಸೀಲಾ ಗೋಡೆ ಗಡಿಯಾರ ನೋಡಿದಳು. ಹದಿನೆಂಟು ಸೆಕೆಂಡು.

"...ಲಾಭ?" ಎಂದ ಶಕೀಬ್, ನಡುವೆ ಏನೂ ಆಗದ ಹಾಗೆ.

ವಸೀಲಾಳ ಕಣ್ಣು ದೀಪದ ಹಲಗೆಯತ್ತ ಹೊರಳಿತು. ಬಲಗಡೆ, ಕಿವಿಯ ಮೇಲೆ. ಅಲ್ಲಿ ಗುಳ್ಳೆ ಇದ್ದವರಿಗೆ ಹೀಗೇ ಆಗುತ್ತದೆ, ನಿಂತಲ್ಲೇ ಮನಸ್ಸು ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಅರವತ್ತು ದಾಟಿದ ಮಿದುಳು, ಯಾರೂ ಹುಡುಕಿಕೊಂಡು ಬರದ ಫಿಲ್ಮು.

"ಶಕೀಬ್," ಎಂದಳು. "ಆ ಹಲಗೆ ಮೇಲಿರೋ ತಲೆ ನಿನ್ನದು."

ಅವನು ಎದ್ದು ಬಾಗಿಲಿನ ಅಗುಳಿ ಹಾಕಿ ಬಂದ.

"ಎಷ್ಟು ದಿನದಿಂದ?"

"ಎರಡು ವರ್ಷ. ತೂನಿಸ್‌ಗೆ ಹೋಗಿ ಬೇರೆ ಹೆಸರಲ್ಲಿ ತೆಗೆಸ್ಕೊಂಡೆ. ಅವತ್ತು ಹೆಣದ ಮುಂದೆ ನಿಂತಾಗ, ಅವನ ಫಿಲ್ಮು ಮರೆಮಾಡಬೇಕಿತ್ತು, ಕೈಗೆ ಸಿಕ್ಕ ಗುಳ್ಳೆ ಫಿಲ್ಮು ಅದೊಂದೇ. ಹೆಸರಿನ ಪಟ್ಟಿ ಕೆರೆದು ಅವನ ಹೆಸರು ಅಂಟಿಸಿದೆ."

"ಎರಡು ವರ್ಷದಿಂದ ಹೀಗೆ ಮಧ್ಯೆ ಮಧ್ಯೆ ಆರಿಹೋಗ್ತಾ ಜನರ ತಲೆ ಕುಯ್ತಾ ಇದೀಯಾ? ಥೂ! ಕಟುಕನಿಗಾದ್ರೂ ಕೈಯಲ್ಲಿರೋದು ಕುರಿ ಅಂತ ಗೊತ್ತಿರುತ್ತೆ. ಆ ಹುಡುಗಿ ಜೈಲಿಗೆ ಹೋಗ್ಲಿ, ನೀನು ಟೈ ಕಟ್ಕೊಂಡು ತಿರುಗ್ತಿರ್ತೀಯ, ಅಲ್ವಾ? ಮೂರು ಗಂಟೆಗೆ ಹೇಳ್ತೀನಿ ಎಲ್ಲಾನೂ. ನಿನ್ನ ಹೆಸರು ಇಡೀ ಊರಿನ ಬೀದೀಲಿ ಬೀಳೋ ಹಾಗೆ ಹೇಳ್ತೀನಿ."

"ಹೇಳು," ಎಂದ ಶಕೀಬ್. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. "ಹೇಳೋಕೆ ಮುಂಚೆ ಇದನ್ನೊಂದು ಓದ್ಬಿಡು."

ಒಳಕಿಸೆಯಿಂದ ಎರಡು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ನೂಕಿದ.

ಅರ್ವಾಳ ಕರಡು. ಆ ದುಂಡು ಅಕ್ಷರ ವಸೀಲಾಗೆ ಚೆನ್ನಾಗಿ ಗೊತ್ತು, ತಿದ್ದಿಸಿದವಳೇ ಅವಳು. "ನಾಯಿಹುಳದ ಗುಳ್ಳೆಯ ಅನುಮಾನವಿದೆ. ಸೂಜಿ ಹಾಕಕೂಡದು." ಹುಡುಗಿ ಸುಳ್ಳು ಹೇಳಿರಲಿಲ್ಲ, ಬರೆದಿದ್ದಳು. ಆದರೆ ಆ ಸಾಲಿನ ಮೇಲೆ ಅದೇ ಪೆನ್ನಿನಿಂದ ಒಂದು ಗೆರೆ ಎಳೆದಿತ್ತು. ಕೆಳಗೆ, ಅದೇ ದುಂಡು ಅಕ್ಷರದಲ್ಲಿ, "ಸಾದಾ ನೀರುಗುಳ್ಳೆ. ಸೂಜಿಯಿಂದ ನೀರು ತೆಗೆಯಬಹುದು."

ಅಂಚಿನಲ್ಲಿ ಸಣ್ಣದಾಗಿ ಇನ್ನೂ ಒಂದು ಸಾಲಿತ್ತು. ವಸೀಲಾ ಕನ್ನಡಕ ಸರಿಮಾಡಿಕೊಂಡು ಓದಿದಳು.

"ಬೆಳಿಗ್ಗೆ 11.20, ಡಾ. ವಸೀಲಾ ಅವರನ್ನು ಫೋನಿನಲ್ಲಿ ಕೇಳಿದೆ. ಊತವಿದ್ದರೆ ನಾಯಿಹುಳವಲ್ಲ, ಸಾದಾ ಗುಳ್ಳೆ ಎಂದು ಬರೆ ಎಂದರು."

ಅವಳು ಮತ್ತೊಮ್ಮೆ ಓದಿದಳು. ತಾರೀಖು ನೋಡಿದಳು. ಆಲಿವ್ ಕೀಳುವ ದಿನ. ತೋಟದಲ್ಲಿ ಬಲೆ ಹಾಸಿಸುತ್ತ, ಆಳುಗಳ ಮೇಲೆ ಕೂಗಾಡುತ್ತ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು. ಅರ್ವಾ ಏನೋ ತೊದಲುತ್ತಿದ್ದಳು. ಫಿಲ್ಮು ಕಳಿಸಲಾ ಮೇಡಂ, ಒಂದ್ಸಲ ನೋಡ್ತೀರಾ, ಎಂದಿದ್ದಳು. ಬೇಡ, ನೋಡೋದೇನಿದೆ, ಪುಸ್ತಕ ಓದಿ ಓದಿ ಹೆದರಬೇಡ ಮಗಳೇ, ಎಂದು ನಕ್ಕು ಫೋನಿಟ್ಟಿದ್ದಳು. ಎರಡು ನಿಮಿಷವೂ ಆಗಿರಲಿಲ್ಲ. ಅಂಥ ಫೋನು ಅವಳಿಗೆ ದಿನಕ್ಕೆ ನಾಲ್ಕು ಬರುತ್ತಿದ್ದವು, ಇಟ್ಟ ಮೇಲೆ ಒಂದೂ ನೆನಪಿರುತ್ತಿರಲಿಲ್ಲ.

ಹನ್ನೊಂದು ದಿನದಿಂದ ಆ ಹುಡುಗಿ ಎದುರಿಗೆ ಕೂತು ಅತ್ತಿದ್ದಳು. ಒಮ್ಮೆಯೂ, ಒಂದೇ ಒಂದು ಸಲವೂ, ಆ ಫೋನಿನ ಮಾತು ಎತ್ತಿರಲಿಲ್ಲ. ಗುರುವಿನ ಹೆಸರು ಉಳಿಸಲಿಕ್ಕೆ ಅವಳು ಜೈಲಿಗೆ ಹೊರಟಿದ್ದಳು.

"ರಮ್ಜಿ ಸತ್ತ ದಿನ ಸಂಜೆ ಕಾರ್ಯದರ್ಶಿಯ ಮೇಜಿನಿಂದ ಎತ್ಕೊಂಡೆ," ಎಂದ ಶಕೀಬ್. "ಇದು ಮೂಲ. ನನ್ನ ಹತ್ರ ನಕಲಿಲ್ಲ, ಆಣೆ ಮಾಡ್ತೀನಿ. ಇದನ್ನ ನ್ಯಾಯಾಧೀಶರಿಗೆ ಕೊಟ್ರೆ ಅರ್ವಾ ಮನೆಗೆ ಹೋಗ್ತಾಳೆ. ಅವಳು ಕಂಡದ್ದು ಸರಿ, ಹಿರಿಯರನ್ನ ಕೇಳಿ ತಿದ್ದಿದಾಳೆ, ಅವಳದೇನು ತಪ್ಪು? ಆದ್ರೆ ನನ್ನ ಪಕ್ಕದ ಕಟಕಟೇಲಿ ನೀನು ನಿಂತಿರ್ತೀಯ. ಫಿಲ್ಮು ನೋಡದೆ ಸೂಜಿ ಹಾಕಿಸಿದವಳು ಅಂತ. ಕೊಡದಿದ್ರೆ, ನನ್ನ ತಲೆ ವಿಚಾರ ನೀನು ಮರೀತೀಯ, ನಿನ್ನ ಫೋನಿನ ವಿಚಾರ ನಾನು ಮರೀತೀನಿ. ಆ ಹುಡುಗಿಗೆ ಹೆಚ್ಚೆಂದ್ರೆ ಎರಡು ವರ್ಷ."

"ಬಾಯಿ ಮುಚ್ಚು."

"ಮುಚ್ಚಿದೆ."

ವಸೀಲಾ ಅವನನ್ನು ದಿಟ್ಟಿಸಿದಳು. ಉಗಿಯಬೇಕು ಅನ್ನಿಸಿತು. ಬಾಯಿ ಒಣಗಿತ್ತು.

ಬಾಗಿಲು ತಟ್ಟಿದ ಸದ್ದು. ಶಕೀಬ್ ನಿಧಾನವಾಗಿ ಎದ್ದು ಅಗುಳಿ ತೆಗೆದ. ನೌಫಲ್ ಏದುಸಿರು ಬಿಡುತ್ತ ನಿಂತಿದ್ದ.

"ಎರಡೂವರೆ ಆಯ್ತು ಡಾಕ್ಟರಮ್ಮ, ಜೀಪು ಕೆಳಗಿದೆ. ಅರ್ವಾನೂ ಬಂದಿದಾಳೆ. ಫಿಲ್ಮು ಬದಲಾಗಿದೆ ಅಂತ ಹೇಳಿದ್ದಕ್ಕೆ ಆ ಹುಡುಗಿ ಮುಖ ನೋಡಬೇಕಿತ್ತು ನೀವು. ನಮ್ಮ ಮೇಡಂ ಇರೋವರೆಗೂ ನನಗೇನೂ ಆಗಲ್ಲ ಅಂದಳು." ಅವನ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು. "ಅದೇನು ಕಾಗದ? ಇಲ್ಲೇ ಸಿಕ್ತಾ?"

ವಸೀಲಾ ಕಾಗದವನ್ನು ಅದರ ಹಳೆಯ ಮಡಿಕೆಯಲ್ಲೇ ಮಡಚಿದಳು, ಕೈಚೀಲದೊಳಗೆ ಇಟ್ಟು ಗುಂಡಿ ಹಾಕಿದಳು.

"ಏನಿಲ್ಲ," ಎಂದಳು. "ನನ್ನದೇ ಒಂದು ಔಷಧಿ ಚೀಟಿ. ನಡೀರಿ."